ಕಡಲ ನಡುವಿನ ಸೆರೆಮನೆಗಳು: ಯಾವ ದ್ವೀಪಕ್ಕೆ, ಯಾರ ಜೊತೆ, ಎಷ್ಟು ಹೊತ್ತು

ವಿದೇಶ ಪ್ರವಾಸದ ಪಟ್ಟಿಗೆ ಸೆರೆಮನೆಯೊಂದನ್ನು ಸೇರಿಸಿದರೆ ಮೊದಲ ಆಕ್ಷೇಪ ಮನೆಯೊಳಗಿಂದಲೇ ಬರುತ್ತದೆ: ಅಷ್ಟು ದುಡ್ಡು ಸುರಿದು, ಅಷ್ಟು ದೂರ ಹೋಗಿ ಜೈಲು ನೋಡುವುದೇ? ಈ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ. ಧಕ್ಕೆಯಲ್ಲಿ ಸರದಿ ನಿಲ್ಲುವುದು, ದೋಣಿಯ ಹಾದಿ, ದ್ವೀಪದ ಸುತ್ತಾಟ, ಮರಳುವ ದೋಣಿಗೆ ಮತ್ತೆ ಕಾಯುವುದು ಎಲ್ಲವೂ ಸೇರಿದರೆ ಅರ್ಧ ದಿನ ಕಳೆಯುತ್ತದೆ; ಮೂರೇ ದಿನ ತಂಗುವ ಊರಿನಲ್ಲಿ ಅರ್ಧ ದಿನವೆಂದರೆ ದೊಡ್ಡ ಖರ್ಚು. ಆ ಖರ್ಚು ಎಲ್ಲಿ ಸಾರ್ಥಕ, ಎಲ್ಲಿ ಅಲ್ಲ ಎಂಬುದನ್ನು ತೂಗಿ ನೋಡಲು ಇಲ್ಲಿ ನಾಲ್ಕು ದ್ವೀಪಗಳನ್ನು ಅಕ್ಕಪಕ್ಕ ಇಟ್ಟಿದ್ದೇನೆ: ಸ್ಯಾನ್‌ಫ್ರಾನ್ಸಿಸ್ಕೊದ ಆಲ್ಕಟ್ರಾಜ್, ಕೇಪ್‌ಟೌನಿನ ರಾಬೆನ್, ಫ್ರಾನ್ಸಿನ ಮಾರ್ಸೇ ನಗರದ ಎದುರಿಗಿರುವ ಇಫ್, ಮತ್ತು ಸಿಡ್ನಿಯ ಕಾಕಟೂ. ಒಂದೇ ಪ್ರವಾಸದಲ್ಲಿ ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕಾದ ಪ್ರಸಂಗ ಯಾರಿಗೂ ಬರಲಾರದು, ನಿಜ. ಆದರೆ ಒಂದರ ಪಕ್ಕ ಇನ್ನೊಂದನ್ನು ಇಟ್ಟಾಗಲೇ, ನಾವು ಹೋಗಲಿರುವ ದ್ವೀಪ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಟಿಕೆಟ್ಟಿನ ಬೆಲೆ, ದೂರ, ಹವೆ ಎಲ್ಲವೂ ಮುಖ್ಯವೇ. ಆದರೂ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಆ ಗೋಡೆಗಳ ಒಳಗೆ ನಡೆದದ್ದನ್ನು ನಮಗೆ ಹೇಳುವವರು ಯಾರು? ಖಾಲಿ ಕೋಣೆ ತನ್ನಷ್ಟಕ್ಕೆ ಮಾತನಾಡುವುದಿಲ್ಲ. ಪೋರ್ಟ್‌ಬ್ಲೇರಿನ ಸೆಲ್ಯುಲರ್ ಜೈಲನ್ನು ಕಂಡವರಿಗೆ ಇದು ಗೊತ್ತು. ಏಳು ಸಾಲುಗಳಲ್ಲಿ ಮೂರು ಮಾತ್ರ ಉಳಿದಿರುವ ಆ ಕಟ್ಟಡದಲ್ಲಿ ಎಣ್ಣೆಯ ಗಾಣದ ಲೆಕ್ಕವನ್ನು ಯಾರಾದರೂ ಬಿಡಿಸಿ ಹೇಳದೆ ಹೋದರೆ ಕಾಣುವುದು ಬರೀ ಇಟ್ಟಿಗೆ ಮತ್ತು ಕಬ್ಬಿಣ.

ಆಲ್ಕಟ್ರಾಜ್

ಕರ್ನಾಟಕದಿಂದ ಮಕ್ಕಳ ಮನೆಗೆಂದು ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾಕ್ಕೆ ಹೋಗುವ ಅಪ್ಪ-ಅಮ್ಮಂದಿರಿಗೆ ಈ ನಾಲ್ಕರಲ್ಲಿ ಹೆಚ್ಚು ಎಟುಕುವ ದ್ವೀಪ ಇದು. ತೀರದಿಂದ ಸುಮಾರು 2 ಕಿಲೋಮೀಟರ್ ದೂರದಲ್ಲಿರುವ, 22 ಎಕರೆಯಷ್ಟು ಮಾತ್ರ ವಿಸ್ತಾರದ ಈ ಬಂಡೆ ಮೊದಲು ಸೇನೆಯ ಕೋಟೆಯಾಗಿ, ಬಳಿಕ ಸೇನೆಯ ಸೆರೆಮನೆಯಾಗಿದ್ದು, 1934ರಿಂದ 1963ರ ಮಾರ್ಚ್ 21ರವರೆಗೆ ಅಮೆರಿಕದ ಕೇಂದ್ರ ಸರ್ಕಾರದ ಅತಿ ಬಿಗಿ ಬಂದೋಬಸ್ತಿನ ಕಾರಾಗೃಹವಾಗಿತ್ತು. ಮುಚ್ಚಿದ್ದಕ್ಕೆ ಕಾರಣ ಕೈದಿಗಳು ತಪ್ಪಿಸಿಕೊಂಡದ್ದಲ್ಲ, ಖರ್ಚು. ದ್ವೀಪದಲ್ಲಿ ಸಿಹಿನೀರಿನ ಸೆಲೆಯೇ ಇಲ್ಲದ್ದರಿಂದ ವಾರಕ್ಕೆ ಸುಮಾರು 10 ಲಕ್ಷ ಗ್ಯಾಲನ್ ನೀರನ್ನು ದೋಣಿಯಲ್ಲಿ ಸಾಗಿಸಬೇಕಾಗಿತ್ತು, ಮತ್ತು ಒಬ್ಬ ಕೈದಿಯ ಮೇಲಿನ ವೆಚ್ಚ ಬೇರೆ ಕಾರಾಗೃಹಗಳ ಮೂರು ಪಟ್ಟಿನಷ್ಟಾಗಿತ್ತು.

ಇಲ್ಲಿ ಕಥೆ ಹೇಳುವುದು ಕಿವಿಗೆ ಹಾಕಿಕೊಳ್ಳುವ ಯಂತ್ರ. ಟಿಕೆಟ್ಟಿನಲ್ಲೇ ಸೇರಿರುವ, ಸುಮಾರು 45 ನಿಮಿಷದ ಈ ಧ್ವನಿಮುದ್ರಿಕೆಯಲ್ಲಿ ಅಲ್ಲಿದ್ದ ಕೈದಿಗಳ, ಕಾವಲುಗಾರರ ನಿಜವಾದ ದನಿಗಳಿವೆ. ಕೈದಿಗಳು ಎರಡು ಕೋಣೆಸಾಲುಗಳ ನಡುವಿನ ಓಣಿಗೆ ‘ಬ್ರಾಡ್‌ವೇ’ ಎಂದೂ, ಗಡಿಯಾರ ತೂಗುಹಾಕಿದ ಜಾಗಕ್ಕೆ ‘ಟೈಮ್ಸ್ ಸ್ಕ್ವೇರ್’ ಎಂದೂ ಹೆಸರಿಟ್ಟುಕೊಂಡಿದ್ದ ಸಂಗತಿ ಅಲ್ಲಿ ನಿಂತೇ ಕೇಳಿದಾಗ ಮನಸ್ಸಿಗೆ ನಾಟುತ್ತದೆ. ಐದು ಅಡಿ ಅಗಲ, ಒಂಬತ್ತು ಅಡಿ ಉದ್ದದ ಕೋಣೆಗಳಲ್ಲಿ ಕೆಲವನ್ನು 1962ರ ಜೂನ್ 11ರ ರಾತ್ರಿ ಹೇಗಿದ್ದವೋ ಹಾಗೆ ಅಣಿಗೊಳಿಸಿದ್ದಾರೆ. ಫ್ರಾಂಕ್ ಮಾರಿಸ್ ಮತ್ತು ಆಂಗ್ಲಿನ್ ಸೋದರರು ಆ ರಾತ್ರಿ ಗೋಡೆಯ ಗಾಳಿಕಿಂಡಿಯನ್ನು ಕೊರೆದು ಅಗಲ ಮಾಡಿಕೊಂಡು ಹೊರಬಿದ್ದಾಗ ಹಾಸಿಗೆಯಲ್ಲಿ ಸಾಬೂನು, ಕಾಗದದ ಮುದ್ದೆ, ಕ್ಷೌರದ ಕೋಣೆಯಿಂದ ಹೊಂಚಿ ತಂದ ಕೂದಲು ಇವುಗಳಿಂದ ಮಾಡಿದ ತಲೆಗಳನ್ನು ಮಲಗಿಸಿಟ್ಟಿದ್ದರು. ಅಂಥ ತಲೆಯ ಪ್ರತಿಕೃತಿ ಈಗಲೂ ದಿಂಬಿನ ಮೇಲಿದೆ. ಮಳೆಯಂಗಿಗಳನ್ನು ಹೊಲಿದು ಮಾಡಿಕೊಂಡ ತೆಪ್ಪದಲ್ಲಿ ಹೊರಟ ಆ ಮೂವರು ಮತ್ತೆ ಯಾರಿಗೂ ಸಿಗಲಿಲ್ಲ. ದಿಂಬಿನ ಮೇಲಿನ ಆ ತಲೆಯನ್ನು ಕಂಡ ಮಕ್ಕಳು ಉಳಿದದ್ದನ್ನೆಲ್ಲ ಮರೆತರೂ ಅದೊಂದನ್ನು ಮರೆಯುವುದಿಲ್ಲ.

ಈ ಏರ್ಪಾಡಿನಲ್ಲಿ ಒಂದು ತೊಡಕಿದೆ. ಎಲ್ಲರ ಕಿವಿಯೂ ಮುಚ್ಚಿರುವುದರಿಂದ ಪಕ್ಕದಲ್ಲಿರುವವರೊಡನೆ ಮಾತಿಲ್ಲ. ನೂರಾರು ಜನ ಏನೂ ಆಡದೆ ಒಂದೇ ಗಳಿಗೆಗೆ ಎಡಕ್ಕೆ ತಿರುಗುತ್ತಾರೆ, ಒಂದೇ ಗಳಿಗೆಗೆ ತಲೆಯೆತ್ತುತ್ತಾರೆ. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರನ್ನು ಕರೆದೊಯ್ಯುವವರು ತಮ್ಮ ಯಂತ್ರವನ್ನು ಆಗಾಗ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾ ಹೋಗುವುದು ಒಳ್ಳೆಯದು. 45 ನಿಮಿಷದ್ದು ಒಂದೂವರೆ ಗಂಟೆಯಾದರೂ ಅಡ್ಡಿಯಿಲ್ಲ, ಏಕೆಂದರೆ ಹಗಲಿನ ಟಿಕೆಟ್ಟಿನಲ್ಲಿ ಹೋಗುವ ದೋಣಿಗೆ ಮಾತ್ರ ಹೊತ್ತು ಗೊತ್ತುಮಾಡಿರುತ್ತದೆ, ಮರಳುವುದಕ್ಕೆ ಯಾವ ದೋಣಿಯಾದರೂ ಆಗುತ್ತದೆ.

ಇನ್ನೊಂದು ಕೊರತೆ ದೊಡ್ಡದು. ಆಲ್ ಕಪೋನ್‌ನಂಥ ಪಾತಕಿಗಳ ಮತ್ತು 14 ಪಲಾಯನ ಯತ್ನಗಳ ರೋಚಕತೆಯಲ್ಲಿ ದ್ವೀಪದ ಉಳಿದ ಚರಿತ್ರೆ ಮಸುಕಾಗುತ್ತದೆ. ದೋಣಿಯಿಂದ ಇಳಿದೊಡನೆ ಕಾಣುವ ಹಳೆಯ ಕಾರಾಗೃಹ ಫಲಕದ ಮೇಲೆ ಕೆಂಪು ಅಕ್ಷರದಲ್ಲಿ ‘ಇಂಡಿಯನ್ನರಿಗೆ ಸ್ವಾಗತ’ ಎಂಬ ಅರ್ಥದ ಇಂಗ್ಲಿಷ್ ಬರಹವಿದೆ. ನಮ್ಮವರು ಅದರಡಿ ನಿಂತು ನಗುತ್ತಾ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಇಂಡಿಯನ್ನರು ನಾವಲ್ಲ; 1969ರ ನವೆಂಬರ್ 20ರಿಂದ 1971ರ ಜೂನ್ 11ರವರೆಗೆ, ಹತ್ತೊಂಬತ್ತು ತಿಂಗಳ ಕಾಲ, ಈ ಪಾಳುದ್ವೀಪವನ್ನು ತಮ್ಮ ನೆಲವೆಂದು ಸಾರಿ ವಶದಲ್ಲಿಟ್ಟುಕೊಂಡಿದ್ದ ಅಮೆರಿಕದ ಮೂಲನಿವಾಸಿಗಳು. ಅದಕ್ಕೂ ಮುಂಚೆ, 1895ರಲ್ಲಿ, ತಮ್ಮ ಮಕ್ಕಳನ್ನು ಸರ್ಕಾರದ ವಸತಿಶಾಲೆಗೆ ಕಳಿಸಲು ಒಪ್ಪದ ಹೋಪಿ ಎಂಬ ಮೂಲನಿವಾಸಿ ಬುಡಕಟ್ಟಿನ 19 ಗಂಡಸರನ್ನು ಇದೇ ಬಂಡೆಯ ಮೇಲೆ ಕೂಡಿಹಾಕಲಾಗಿತ್ತು. ಕೈದಿಕೋಣೆಗಳನ್ನು ನೋಡಿ ನೇರ ದೋಣಿಗೆ ಓಡುವವರಿಗೆ ಇದಾವುದೂ ತಿಳಿಯುವುದಿಲ್ಲ. ಧಕ್ಕೆಯ ಬಳಿಯ ಕಟ್ಟಡಕ್ಕೂ ನೀರಿನ ತೊಟ್ಟಿಯ ಗೋಪುರದ ಮೇಲಿನ ಬರಹಕ್ಕೂ ಅರ್ಧ ಗಂಟೆಯನ್ನು ಬೇರೆಯಾಗಿ ಎತ್ತಿಡಬೇಕು.

ಹಗಲಿನ ಟಿಕೆಟ್ಟೋ ರಾತ್ರಿಯದೋ ಎಂಬ ಪ್ರಶ್ನೆಗೆ ನನ್ನ ಉತ್ತರ ಜೊತೆಗಿರುವವರನ್ನು ಅವಲಂಬಿಸಿದೆ. ರಾತ್ರಿಯದು ತುಸು ದುಬಾರಿ, ವಾರದ ಎಲ್ಲ ದಿನವೂ ಇರುವುದಿಲ್ಲ, ಜನ ಕಡಿಮೆ. ಕತ್ತಲಿಳಿಯುವಾಗ ಆ ಓಣಿಗಳಲ್ಲಿ ನಡೆಯುವ ಅನುಭವ ನಿಜಕ್ಕೂ ಬೇರೆ. ಆದರೆ ಕೊಲ್ಲಿಯ ಗಾಳಿ ಸಂಜೆಯ ಮೇಲೆ ಎಲುಬಿಗೆ ಇಳಿಯುತ್ತದೆ, ಹೊರಗಿನ ತೋಟಗಳೂ ಹಕ್ಕಿಗಳೂ ಕಣ್ತಪ್ಪುತ್ತವೆ. ಮೊದಲ ಸಲ ಹೋಗುವವರು, ಹಿರಿಯರು, ಮಕ್ಕಳೊಂದಿಗರು ಬೆಳಗಿನ ಮೊದಲ ದೋಣಿಯನ್ನೇ ಹಿಡಿಯಲಿ. ಹಿಂದಿನ ದೋಣಿಯ ಜನ ಇಲ್ಲದ ಆ ಒಂದು ತಾಸಿನ ನಿಶ್ಶಬ್ದ ರಾತ್ರಿಯ ಪ್ರವಾಸಕ್ಕೇನೂ ಕಡಿಮೆಯಲ್ಲ. ಟಿಕೆಟ್ಟು ಸುಮಾರು ಮೂರು ತಿಂಗಳ ಮುಂಚಿನಿಂದ ಸಿಗುತ್ತದೆ, ಬೇಸಿಗೆಯಲ್ಲಿ ವಾರಗಳ ಮೊದಲೇ ತೀರಿಹೋಗುತ್ತದೆ. ದ್ವೀಪದ ಮೇಲೆ ಜನರನ್ನು ಇಳಿಸುವ ಪರವಾನಗಿ ಒಂದೇ ಸಂಸ್ಥೆಗೆ ಇರುವುದರಿಂದ, ಬೇರೆಡೆ ಮಾರುವುದೆಲ್ಲ ಒಂದೋ ಬಸ್ಸಿನ ಸುತ್ತಾಟದ ಜೊತೆ ಕಟ್ಟಿದ ದುಬಾರಿ ಗಂಟು, ಇಲ್ಲವೇ ದ್ವೀಪವನ್ನು ದೂರದಿಂದ ಸುತ್ತುಹಾಕಿಸಿ ಕರೆತರುವ ವಿಹಾರ. ‘ಆಲ್ಕಟ್ರಾಜ್ ಸುತ್ತ’ ಎಂಬ ಮಾತಿಗೂ ‘ಆಲ್ಕಟ್ರಾಜ್ ಒಳಗೆ’ ಎಂಬ ಮಾತಿಗೂ ಇರುವ ಅಂತರವನ್ನು ಹಣ ಕಟ್ಟುವ ಮುಂಚೆ ಎರಡು ಸಲ ಓದಿಕೊಳ್ಳಬೇಕು.

ಟಿಕೆಟ್ಟು ಸಿಗದೆ ಹೋದರೆ ಮರುಗಬೇಕಿಲ್ಲ. ಅದೇ ಕೊಲ್ಲಿಯ ಏಂಜಲ್ ದ್ವೀಪ ಭಾರತೀಯರ ಮಟ್ಟಿಗೆ ಇನ್ನೂ ಹತ್ತಿರದ್ದು. 1910ರಿಂದ 1940ರವರೆಗೆ ಅಲ್ಲಿದ್ದ ವಲಸೆ ಠಾಣೆ ಹೆಸರಿಗೆ ಸೆರೆಮನೆಯಲ್ಲದಿದ್ದರೂ, ಏಷ್ಯಾದಿಂದ ಬಂದವರನ್ನು ವಿಚಾರಣೆಗೆಂದು ದಿನಗಟ್ಟಲೆ, ಕೆಲವರನ್ನು ತಿಂಗಳುಗಟ್ಟಲೆ ಕೂಡಿಹಾಕಿದ ಜಾಗ. ಚೀನೀಯರು ಮರದ ಗೋಡೆಗಳ ಮೇಲೆ ಕೆತ್ತಿದ ಕವಿತೆಗಳು ಇಂದಿಗೂ ಉಳಿದಿವೆ. 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಡನೆ ಬಂದಿಳಿದ ವೈಷ್ಣೋ ದಾಸ್ ಬಗಾಯಿ ಕುಟುಂಬವನ್ನೂ ಇಲ್ಲಿ ತಡೆದಿಟ್ಟಿದ್ದರು. ಆ ಕಲಾ ಬಗಾಯಿಯ ಹೆಸರಿನ ರಸ್ತೆಯೊಂದು ಈಗ ಬರ್ಕ್ಲಿ ಪಟ್ಟಣದ ನಡುವೆ ಇದೆ. ಜನಜಂಗುಳಿ ಕಡಿಮೆ, ನಡಿಗೆ ಹೆಚ್ಚು.

ರಾಬೆನ್

ಕೇಪ್‌ಟೌನಿಗೆ ಹೋಗುವ ನಮ್ಮವರು ಟೇಬಲ್ ಪರ್ವತ, ಪೆಂಗ್ವಿನ್ನುಗಳು, ದ್ರಾಕ್ಷಾತೋಟಗಳು ಇವುಗಳ ನಡುವೆ ಈ ದ್ವೀಪವನ್ನು ಹೇಗೋ ತೂರಿಸಿಕೊಳ್ಳುತ್ತಾರೆ. ತೂರಿಸಿಕೊಳ್ಳುವ ಬದಲು ಅದನ್ನೇ ನಡುವೆ ಇಟ್ಟುಕೊಂಡು ಉಳಿದದ್ದನ್ನು ಹೊಂದಿಸಬೇಕೆಂಬುದು ನನ್ನ ಅಭಿಪ್ರಾಯ. ಕಾರಣ ಒಂದೇ: ಇಲ್ಲಿ ಕಥೆ ಹೇಳುವವರು ಬದುಕಿರುವ ಮನುಷ್ಯರು. ವಾಟರ್‌ಫ್ರಂಟಿನ ನೆಲ್ಸನ್ ಮಂಡೇಲಾ ಗೇಟ್‌ವೇಯಿಂದ ದೋಣಿ ಹತ್ತಿ, ದ್ವೀಪದಲ್ಲಿ ಬಸ್ಸಿನಲ್ಲಿ ಒಂದು ಸುತ್ತು ಹಾಕಿದ ಮೇಲೆ, ಬಿಗಿ ಬಂದೋಬಸ್ತಿನ ಸೆರೆಮನೆಯ ಬಾಗಿಲಲ್ಲಿ ನಿಮ್ಮನ್ನು ಎದುರುಗೊಳ್ಳುವುದು ಅದೇ ಸೆರೆಮನೆಯಲ್ಲಿ ರಾಜಕೀಯ ಕೈದಿಯಾಗಿದ್ದವರು. ಕೊನೆಯ ರಾಜಕೀಯ ಕೈದಿಗಳು 1991ರಲ್ಲಿ ಹೊರಬಂದರು. ಆಗ ಇಪ್ಪತ್ತೈದರ ಹರೆಯದವರಾಗಿದ್ದವರಿಗೂ ಈಗ ಅರವತ್ತರ ಸಮೀಪ. ಉಳಿದ ಮೂರು ದ್ವೀಪಗಳನ್ನು ಹತ್ತು ವರ್ಷ ಬಿಟ್ಟು ನೋಡಿದರೂ ಹಾಗೆಯೇ ಇರುತ್ತವೆ, ಇದು ಇರುವುದಿಲ್ಲ.

ಮಂಡೇಲಾ ತಮ್ಮ 27 ವರ್ಷಗಳ ಸೆರೆವಾಸದಲ್ಲಿ 18 ವರ್ಷ ಕಳೆದದ್ದು ಇಲ್ಲಿ, 1964ರಿಂದ 1982ರವರೆಗೆ, 466/64 ಎಂಬ ಸಂಖ್ಯೆಯ ಕೈದಿಯಾಗಿ. ಆ ವರ್ಷ ಬಂದ 466ನೆಯ ಕೈದಿ ಎಂದು ಅದರ ಅರ್ಥ. ಅವರ ಕೋಣೆಯನ್ನು ನೋಡುವ ಆಸೆಯಿಂದಲೇ ಹೋಗುವವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಲೇಸು: ಸಿಗುವುದು ಕೆಲವು ಸೆಕೆಂಡು. ಸರಳುಗಳಾಚೆ ಒಂದು ಚಾಪೆ, ಕಂಬಳಿ, ಪುಟ್ಟ ಮೇಜು, ಬಕೆಟ್ಟು; ಹಿಂದೆ ಫೋನು ಎತ್ತಿಹಿಡಿದ ಮೂವತ್ತು ಜನ. ಮನಸ್ಸಿನಲ್ಲಿ ನಿಲ್ಲುವುದು ಕೋಣೆಗಿಂತ ಹೆಚ್ಚಾಗಿ ಊಟದ ಪಟ್ಟಿ. ವರ್ಣಭೇದದ ಆಡಳಿತ ಕೈದಿಗಳ ತಟ್ಟೆಯನ್ನೂ ಬಿಟ್ಟಿರಲಿಲ್ಲ. ಭಾರತೀಯ ಮೂಲದವರಿಗೂ ಮಿಶ್ರಮೂಲದವರಿಗೂ ಒಂದು ಅಳತೆ, ಕರಿಯರಿಗೆ ಇನ್ನೊಂದು. ಮೊದಲಿನವರಿಗೆ ಬ್ರೆಡ್ಡು, ಜಾಮು ಇದ್ದರೆ ಎರಡನೆಯವರಿಗೆ ಎರಡೂ ಇಲ್ಲ. ಗುಜರಾತಿನಿಂದ ವಲಸೆ ಹೋದ ಕುಟುಂಬದ ಅಹ್ಮದ್ ಕಥ್ರಾಡಾ ಮಂಡೇಲಾರೊಂದಿಗೇ ಶಿಕ್ಷೆಗೊಳಗಾಗಿ ಇಲ್ಲಿಗೆ ಬಂದಾಗ ಅವರಿಗೆ ಉದ್ದ ಪ್ಯಾಂಟು ಕೊಟ್ಟರು. ತಮಗಿಂತ ಹಿರಿಯರಾದ ಮಂಡೇಲಾರಿಗೆ, ಜೊತೆಕೈದಿ ವಾಲ್ಟರ್ ಸಿಸುಲುರಿಗೆ ಚಡ್ಡಿ. ಚಳಿಗಾಲದಲ್ಲಿ ಟೇಬಲ್ ಕೊಲ್ಲಿಯ ಗಾಳಿಗೆ ಮೈಯೊಡ್ಡಿ ಅಲ್ಲಿ ನಿಂತಾಗ ಒಂದು ಮೊಳ ಬಟ್ಟೆಯ ಆ ವ್ಯತ್ಯಾಸ ಎಂಥದೆಂದು ಮೊಣಕಾಲಿಗೇ ತಿಳಿಯುತ್ತದೆ.

ನಮ್ಮ ಕಡೆಯ ಇನ್ನೊಂದು ಎಳೆಯೂ ಈ ದ್ವೀಪದಲ್ಲಿದೆ. 1970ರ ದಶಕದಲ್ಲಿ ಇಲ್ಲಿದ್ದ ಸನ್ನಿ ವೆಂಕಟರತ್ನಂ ಶೇಕ್ಸ್‌ಪಿಯರನ ಸಮಗ್ರ ಕೃತಿಗಳ ಒಂದು ಸಂಪುಟಕ್ಕೆ ದೀಪಾವಳಿ ಶುಭಾಶಯ ಪತ್ರಗಳ ದೇವರ ಚಿತ್ರಗಳನ್ನು ಅಂಟಿಸಿ, ಇದು ನನ್ನ ಧರ್ಮಗ್ರಂಥ ಎಂದು ಕಾವಲುಗಾರರನ್ನು ನಂಬಿಸಿ ಉಳಿಸಿಕೊಂಡಿದ್ದರು. ಪುಸ್ತಕ ಕೈಯಿಂದ ಕೈಗೆ ಸಾಗಿತು. ಮೂವತ್ತಕ್ಕೂ ಹೆಚ್ಚು ಕೈದಿಗಳು ತಮಗೆ ಹಿಡಿಸಿದ ಸಾಲಿನ ಬದಿಯಲ್ಲಿ ರುಜು ಹಾಕಿದರು. ಮಂಡೇಲಾ 1977ರ ಡಿಸೆಂಬರ್ 16ರ ತಾರೀಕು ಹಾಕಿ ಗುರುತು ಮಾಡಿದ್ದು ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಸಾವಿನ ಅಂಜಿಕೆಯನ್ನು ಕುರಿತ ಮಾತನ್ನು.

ಈ ದ್ವೀಪದ ಕೊರತೆಗಳನ್ನೂ ಮುಚ್ಚಿಡಬಾರದು. ಆಲ್ಕಟ್ರಾಜ್‌ನಲ್ಲಿ ನಿಮ್ಮಿಷ್ಟದಂತೆ ಅಲೆಯಬಹುದು. ರಾಬೆನ್‌ನಲ್ಲಿ ಗುಂಪು ಹೋದಲ್ಲಿಗೆ ಹೋಗಬೇಕು, ಗುಂಪು ಹೊರಟಾಗ ಹೊರಡಬೇಕು. ಕೈದಿಗಳ ಕಣ್ಣುಗಳನ್ನು ಕೆಡಿಸಿದ ಸುಣ್ಣಕಲ್ಲಿನ ಗಣಿಯೆದುರು ಬಸ್ಸು ಅಲ್ಪ ಹೊತ್ತು ಮಾತ್ರ ನಿಲ್ಲುತ್ತದೆ. 1995ರಲ್ಲಿ ಮರಳಿ ಸೇರಿದ ಹಳೆಯ ಕೈದಿಗಳು ಒಬ್ಬೊಬ್ಬರಾಗಿ ಇಟ್ಟ ಕಲ್ಲುಗಳ ರಾಶಿಯನ್ನು ಅನೇಕರು ಕಿಟಕಿಯಿಂದಲೇ ನೋಡಿ ಮುಗಿಸುತ್ತಾರೆ. 1963ರಿಂದ 1969ರವರೆಗೆ ವರ್ಣಭೇದ ವಿರೋಧಿ ನಾಯಕ ರಾಬರ್ಟ್ ಸೊಬುಕ್ವೆ ಅವರನ್ನು ಬೇರೆ ಕೈದಿಗಳೊಡನೆ ಮಾತಿಗೂ ಬಿಡದೆ ಒಂಟಿಯಾಗಿಟ್ಟಿದ್ದ ಮನೆಯದೂ ಅದೇ ಗತಿ. ಮಾರ್ಗದರ್ಶಿಗಳಲ್ಲೂ ಒಬ್ಬರಂತೆ ಒಬ್ಬರಿಲ್ಲ. ಕೆಲವರು ಬಾಯಿಪಾಠ ಒಪ್ಪಿಸಿದಂತೆ ಹೇಳಿ ಮುಗಿಸುತ್ತಾರೆ. ಪ್ರಶ್ನೆ ಕೇಳಿದರೆ ಮಾತ್ರ ಒಳಗಿನದು ಹೊರಬರುತ್ತದೆ. ಆದ್ದರಿಂದ ಹಿಂದಿನ ಸಾಲಿನಲ್ಲಿ ನಿಲ್ಲದೆ, ಅವರ ಹತ್ತಿರ ನಿಂತು, ನೀವು ಯಾವ ವಿಭಾಗದಲ್ಲಿದ್ದಿರಿ, ಮನೆಯಿಂದ ಕಾಗದ ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು ಎಂದು ಕೇಳಬೇಕು.

ಇಫ್

ಮಾರ್ಸೇಯ ಹಳೆಯ ಬಂದರಿನಿಂದ ದೋಣಿಯಲ್ಲಿ ಇಪ್ಪತ್ತು ನಿಮಿಷ. ಫ್ರಾನ್ಸಿಸ್ ದೊರೆ 1524ರಿಂದ 1531ರ ನಡುವೆ ಕಟ್ಟಿಸಿದ ಕೋಟೆ, ಮುಂದೆ ಸೆರೆಮನೆಯಾಯಿತು. ದುಡ್ಡಿದ್ದ ಕೈದಿಗೆ ಕಿಟಕಿ, ಒಲೆ ಇರುವ ಮಾಳಿಗೆಯ ಕೋಣೆ. ಇಲ್ಲದವನಿಗೆ ಕೆಳಗಿನ ಕತ್ತಲೆ. ಇಷ್ಟಾದರೂ ಜನ ಇಲ್ಲಿಗೆ ಬರುವುದು ನಿಜವಾದ ಕೈದಿಗಳಿಗಾಗಿ ಅಲ್ಲ, ಅಲೆಕ್ಸಾಂಡರ್ ದ್ಯೂಮಾನ ಕಾದಂಬರಿ ‘ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ದಲ್ಲಿ ಇಲ್ಲಿಂದ ತಪ್ಪಿಸಿಕೊಳ್ಳುವ ಎಡ್ಮಂಡ್ ಡಾಂಟೆಸ್‌ಗಾಗಿ. ಎಂದೂ ಇರದಿದ್ದ ಆ ಮನುಷ್ಯನ ಹೆಸರಿನ ಕೋಣೆಯನ್ನು ಇಲ್ಲಿ ತೋರಿಸುತ್ತಾರೆ, ಪಕ್ಕದ ಕೋಣೆಗೆ ಕೊರೆದ ಬಿಲವನ್ನೂ ತೋರಿಸುತ್ತಾರೆ. ಕಾದಂಬರಿ ಓದದವರಿಗೆ ಇದು ಚಂದದ ಕಡಲನೋಟವಿರುವ ಒಂದು ಕೋಟೆ, ಅಷ್ಟೇ.

ಆದರೂ ಗೋವೆ-ಕಾರವಾರದ ಕಡೆಯವರು ಇಲ್ಲಿ ನಿಂತು ಬೇರೆ ಎರಡು ಸಂಗತಿ ನೆನೆಯಬಹುದು. ಡಾಂಟೆಸ್‌ಗೆ ಬಿಲದ ಆಚೆಯಿಂದ ಬಂದು ವಿದ್ಯೆ ಕಲಿಸುವ ಅಬ್ಬೆ ಫಾರಿಯಾ ಎಂಬ ಹೆಸರು ದ್ಯೂಮಾನ ಕಲ್ಪನೆಯದಲ್ಲ. 1756ರಲ್ಲಿ ಗೋವೆಯ ಕಾಂದೋಳಿಯಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಸಂಮೋಹನ ವಿದ್ಯೆಯ ಪ್ರವರ್ತಕನೆನಿಸಿದ ಪಾದ್ರಿಯದು. ಮಲಗಿದ ಹೆಂಗಸೊಬ್ಬಳ ಮೇಲೆ ಕೈಚಾಚಿ ನಿಂತ ಅವನ ಪ್ರತಿಮೆಯನ್ನು ಪಣಜಿಯ ಹಳೆಯ ಸೆಕ್ರೆಟೇರಿಯೇಟ್ ಬದಿಯಲ್ಲಿ ನಮ್ಮಲ್ಲಿ ಎಷ್ಟೋ ಜನ ಹೆಸರು ಕೇಳದೆಯೇ ದಾಟಿದ್ದೇವೆ. ಎರಡನೆಯದು, ಕೋಟೆ ಕಟ್ಟುವ ಮುಂಚಿನದು. ಗುಜರಾತಿನ ಸುಲ್ತಾನ ಕೊಟ್ಟ ಖಡ್ಗಮೃಗವೊಂದನ್ನು ಪೋರ್ಚುಗೀಸರು ಗೋವೆಯಿಂದ ಲಿಸ್ಬನ್ನಿಗೆ ಸಾಗಿಸಿದ್ದರು; ಅಲ್ಲಿಂದ ಪೋಪರಿಗೆ ಕಾಣಿಕೆಯಾಗಿ ಹೊರಟ ಅದು 1516ರ ಮೊದಲಲ್ಲಿ ಈ ದ್ವೀಪದಲ್ಲಿ ಇಳಿದು ವಿಶ್ರಮಿಸಿತ್ತು, ಫ್ರಾನ್ಸಿಸ್ ದೊರೆಯೇ ಬಂದು ನೋಡಿ ಹೋದ. ಮುಂದೆ ಇಟಲಿಯ ಕರಾವಳಿಯಲ್ಲಿ ಹಡಗು ಮುಳುಗಿ, ಸಂಕೋಲೆ ಹಾಕಿದ್ದ ಪ್ರಾಣಿ ಸತ್ತಿತು. ಇಫ್ ದ್ವೀಪದ ಮೊದಲ ಬಂದಿ ಅದೇ ಎಂದರೆ ತಪ್ಪಾಗಲಾರದು.

ಕಾಕಟೂ

ಸಿಡ್ನಿಯಲ್ಲಿರುವವರಿಗೆ ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮುಂಗಡ ಟಿಕೆಟ್ಟಿಲ್ಲ, ಪ್ರವೇಶ ಶುಲ್ಕವಿಲ್ಲ, ಊರಿನ ಮಾಮೂಲು ಫೆರಿಯಲ್ಲೇ ಹೋಗಿಬರಬಹುದು, ಬೇಕಿದ್ದರೆ ಗುಡಾರದಲ್ಲಿ ರಾತ್ರಿ ತಂಗಬಹುದು. 1839ರಿಂದ 1869ರವರೆಗೆ ಬ್ರಿಟಿಷರು ಗಡೀಪಾರಾದ ಕೈದಿಗಳನ್ನು ಇಲ್ಲಿಟ್ಟು ಬಂಡೆ ಕಡಿಸಿದರು; ದವಸ ತುಂಬಲೆಂದು ಮರಳುಗಲ್ಲಿನಲ್ಲಿ ಸೀಸೆಯಾಕಾರದಲ್ಲಿ ಕೊರೆದ ಹಗೇವುಗಳು ಇನ್ನೂ ಇವೆ. ನಮ್ಮ ಉತ್ತರ ಕರ್ನಾಟಕದ ಹಳೆಯ ಮನೆಗಳ ಹಗೇವು ಕಂಡವರಿಗೆ ಬಗ್ಗಿ ನೋಡಿದೊಡನೆ ಗುರುತು ಹತ್ತುತ್ತದೆ, ಇದನ್ನು ಕೊರೆದವರ ಸ್ಥಿತಿ ನೆನೆದರೆ ಎದೆ ಝಲ್ಲೆನ್ನುತ್ತದೆ. ಆದರೆ ನಂತರದ ಹಡಗು ಕಾರ್ಖಾನೆಯ ಕ್ರೇನುಗಳೂ ಷೆಡ್ಡುಗಳೂ ಕೈದಿಗಳ ಕಾಲವನ್ನು ಬಹುಮಟ್ಟಿಗೆ ನುಂಗಿಹಾಕಿವೆ. ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು. ಪುಟ್ಟ ಮಕ್ಕಳಿರುವ ಸಂಸಾರಕ್ಕೆ ಭಾನುವಾರದ ಬುತ್ತಿ ಬಿಚ್ಚಲು ನಾಲ್ಕರಲ್ಲಿ ಇದೇ ಉತ್ತಮ.

ಕಾಲು, ಹೊಟ್ಟೆ, ಹವೆ

ಆಲ್ಕಟ್ರಾಜ್‌ನ ಧಕ್ಕೆಯಿಂದ ಕೈದಿಕೋಣೆಗಳವರೆಗೆ ಅರ್ಧ ಕಿಲೋಮೀಟರಿಗೂ ಕಡಿಮೆ ದೂರ, ಆದರೆ ಏರು ಸುಮಾರು 130 ಅಡಿ. ಹದಿಮೂರು ಮಹಡಿ ಹತ್ತಿದ ಲೆಕ್ಕ. ನಡೆಯಲಾರದವರಿಗೆ ವಿದ್ಯುತ್ ಬಂಡಿಯಿದೆ, ಧಕ್ಕೆಯಲ್ಲೇ ಕೇಳಿಕೊಳ್ಳಬೇಕು. ತಿನ್ನಲು ಅವಕಾಶವಿರುವುದೂ ಧಕ್ಕೆಯ ಬಳಿ ಮಾತ್ರ. ಮೊಸರನ್ನದ ಡಬ್ಬಿಯನ್ನು ಮೇಲೆ ಹೊತ್ತೊಯ್ದು ಪ್ರಯೋಜನವಿಲ್ಲ, ಹತ್ತುವ ಮುಂಚೆಯೇ ಮುಗಿಸಬೇಕು. ಜುಲೈ ತಿಂಗಳಾದರೂ ಸ್ವೆಟರ್ ಬಿಡಬಾರದು. ರಾಬೆನ್‌ನಲ್ಲಿ ಬಹುಪಾಲು ಬಸ್ಸಿನಲ್ಲೇ ಕಳೆಯುವುದರಿಂದ ಮೊಣಕಾಲಿಗೆ ಹಿತ, ಹೊಟ್ಟೆಗೆ ಅಲ್ಲ. ಅಟ್ಲಾಂಟಿಕ್‌ನ ಆ ಹತ್ತು-ಹನ್ನೊಂದು ಕಿಲೋಮೀಟರಿನಲ್ಲಿ ದೋಣಿ ಚೆನ್ನಾಗಿ ಹೊಯ್ದಾಡುತ್ತದೆ, ವಾಂತಿಯ ಮಾತ್ರೆ ಕಿಸೆಯಲ್ಲಿರಲಿ. ಇಫ್‌ನಲ್ಲಿ ಕಲ್ಲಿನ ಕಿರಿದಾದ ಮೆಟ್ಟಿಲುಗಳಿವೆ, ನೆರಳಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಗಾಳಿ. ಮಿಸ್ಟ್ರಾಲ್ ಎಂಬ ಬಿರುಸಾದ ಬಡಗಣ ಗಾಳಿ ಬೀಸಿದ ದಿನ ಇಫ್‌ನಲ್ಲಿ ದೋಣಿ ನಿಲ್ಲಿಸುವುದಿಲ್ಲ. ಆದರೆ ನಗರ ಹತ್ತಿರ, ಮರುದಿನ ನೋಡಿಕೊಳ್ಳಬಹುದು. ಕೇಪ್‌ಟೌನಿನಲ್ಲಿ, ಅದರಲ್ಲೂ ಜೂನ್‌ನಿಂದ ಆಗಸ್ಟ್‌ವರೆಗೆ, ಕಡಲು ಕೆರಳಿದರೆ ಅಂದಿನ ದೋಣಿಗಳೆಲ್ಲ ರದ್ದಾಗುತ್ತವೆ, ಮರುದಿನದವು ಆಗಲೇ ತುಂಬಿರುತ್ತವೆ. ಹಾಗಾಗಿ ರಾಬೆನ್ ಟಿಕೆಟ್ಟನ್ನು ಪ್ರವಾಸದ ಕೊನೆಯ ದಿನಕ್ಕೆ ತಳ್ಳದೆ ಮೊದಲ ದಿನದ ಬೆಳಗಿನ ದೋಣಿಗೇ ತೆಗೆದು, ಮುಂದಿನ ಒಂದು ದಿನವನ್ನು ಖಾಲಿ ಇಟ್ಟುಕೊಳ್ಳಬೇಕು. ಅಂದು ದೋಣಿ ಹೊರಡದಿದ್ದರೆ ವಾಟರ್‌ಫ್ರಂಟಿನ ಅಂಗಡಿಗಳಲ್ಲಿ ಹೊತ್ತು ಕಳೆಯುವುದರ ಬದಲು, ಬಿಳಿಯರ ಬಡಾವಣೆಗೆಂದು ಸುಮಾರು 60 ಸಾವಿರ ಜನರನ್ನು ಒಕ್ಕಲೆಬ್ಬಿಸಿದ ಕೇರಿಯ ನೆನಪಿಗಿರುವ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂಗೆ ಹೋಗಿ. ಅದಕ್ಕೆ ಕಡಲು ದಾಟಬೇಕಿಲ್ಲ, ಟ್ಯಾಕ್ಸಿಯಲ್ಲಿ ಹತ್ತು ನಿಮಿಷದ ಹಾದಿ.